ವೈತೇಪುವಿನ ಕಂಬ

"ಹಾರ ಯಾಕಕ್ಕಾ, ನಿಮ್ಮ ಕಂಬಕ್ಕೊಂದು ಊರುಗೋಲು ಕೊಡಿ ಸಾಕು," ಎಂದ ಕಪೆಲಿಯೆಲೆ, ಪಕ್ಕದ ಕಂಬದ ಬುಡದಲ್ಲಿ ಕೂತು ತೆಂಗಿನ ಗರಿ ಹೆಣೆಯುತ್ತ. "ರಾತ್ರಿ ಕಾವಾ ಕುಡಿದು ಅಮಲು ಜಾಸ್ತಿಯಾಗಿದೆ ಪಾಪ. ನೋಡಿ, ಹೆಂಗೆ ತೂಗ್ತಾ ಇದೆ!"

ಫಲಕಿಕ ಏಣಿಯ ಮೇಲಿಂದ ತಿರುಗಿ ನೋಡಲಿಲ್ಲ. ದೇವಕಣಗಿಲೆಯ ಹಾರವನ್ನು ಕಂಬದ ಸುತ್ತ ತಂದು, ಅದು ವಾಲಲು ಶುರುವಾಗುವ ಜಾಗಕ್ಕೇ ಸರಿಯಾಗಿ ಬಿಗಿದು ಗಂಟು ಹಾಕಿದಳು.

"ಕಂಬ ಸೊಟ್ಟಗಿದ್ರೂ ಒಂದು ಕಡೆ ನಿಂತಿದೆ ಕಣೋ. ನೀನು ಹುಟ್ಟಿದಾಗಿಂದ ಎಲ್ಲಾದ್ರೂ ನಿಂತದ್ದುಂಟಾ? ನಿಮ್ಮಮ್ಮ ನಮ್ಮೂರ ಮಗಳು ಅನ್ನೋ ಒಂದೇ ಕಾರಣಕ್ಕೆ ಸುಮ್ಮನಿದ್ದೀನಿ."

ಸುತ್ತ ಹೂ ಕಟ್ಟುತ್ತಿದ್ದ ಹೆಂಗಸರು ಗೊಳ್ಳೆಂದರು. ಮರುದಿನ ಮಾತೆ ಮರಿಯಮ್ಮನವರ ಹಬ್ಬ. ಶಾಂತಸಾಗರದ ಆ ದ್ವೀಪದ ಅಷ್ಟೂ ಊರುಗಳು ದೊಡ್ಡ ಇಗರ್ಜಿಯೊಳಗೆ ಸೇರಿ ತಮ್ಮ ತಮ್ಮ ಕಂಬಗಳನ್ನು ಸಿಂಗರಿಸುತ್ತಿದ್ದವು. ಇಗರ್ಜಿ ಕಟ್ಟುವಾಗ ಒಂದೊಂದು ಊರಿನ ಪಾಲಿಗೆ ಒಂದೊಂದು ಕಂಬ ಬಂದಿತ್ತು. ಊರಿನ ಗಂಡಸರೇ ಕಪ್ಪು ಕಲ್ಲನ್ನು ಕಡಿದು, ತೆಪ್ಪದ ಮೇಲೆ ತಂದು, ಹವಳ ಸುಟ್ಟ ಸುಣ್ಣದಲ್ಲಿ ಕೂರಿಸಬೇಕಿತ್ತು. ಕಂಬ ಎತ್ತಿದ ಊರಿಗೆ ಅದರ ಬುಡದಲ್ಲಿ ಚಾಪೆ ಹಾಸುವ ಹಕ್ಕು. ಅಂದಿನಿಂದ ಯಾರೂ ಇನ್ನೊಬ್ಬರ ಕಂಬದ ಬಳಿ ಕೂತದ್ದಿಲ್ಲ. ಬಲಿಪೀಠದ ಕಡೆಗೆ ಕುತ್ತಿಗೆ ಓರೆ ಮಾಡಿ ನಿಂತದ್ದು ಫಲಕಿಕಳ ಊರು ವೈತೇಪುವಿನದೊಂದೇ. ಕುಡಿದು ಕಟ್ಟಿದ ಕಂಬ ಎಂದೇ ಅದರ ಹೆಸರು. ಅದರ ಹಿಂದೆ ಕೂರುವ, ಹಲೋಫ ಊರಿನ ಕಪೆಲಿಯೆಲೆಯಂಥವರಿಗೆ ಪೀಠ ಅರ್ಧ ಮರೆ. "ಹುಟ್ಟಿದಾಗಿಂದ ಬಿಷಪ್ಪರ ಒಂದೇ ಕಿವಿ ನೋಡ್ತಾ ಬಂದಿದ್ದೀನಿ," ಎಂದು ಅವನು ಪ್ರತಿ ಹಬ್ಬಕ್ಕೂ ಹೇಳುತ್ತಿದ್ದ.

ಫಲಕಿಕ ಏಣಿ ಇಳಿಯುವ ಹೊತ್ತಿಗೆ ಇಗರ್ಜಿಯ ಗುರುಗಳು ಮೇಸ್ತ್ರಿಯನ್ನು ಕರೆದುಕೊಂಡು ಬಂದರು. ಗೋಡೆಯ ಬಿರುಕು ಮುಚ್ಚಲು ಹಡಗಿನಲ್ಲಿ ಬಂದಿದ್ದ ಮೇಸ್ತ್ರಿ ಅವನು. ಅವರ ಹಿಂದೆಯೇ ಅವಳ ತಮ್ಮ, ಊರಿನ ಮುಖಂಡ ವಿಸೇಸಿಯೊ, ಹೊಸ ಅಂಗಿ ತೊಟ್ಟು ಬಂದ.

"ಕಂಬ ಗಟ್ಟಿಯಾಗೇ ಇದೆಯಂತೆ. ಬೀಳೋ ಭಯ ಇಲ್ಲ," ಎಂದರು ಗುರುಗಳು ಎಲ್ಲರಿಗೂ ಕೇಳುವಂತೆ. "ಆದ್ರೆ ಸುತ್ತ ಹಲಗೆ ಕಟ್ಟಿ ಸಿಮೆಂಟು ತುಂಬಿದ್ರೆ ನೋಡೋಕೆ ನೆಟ್ಟಗಾಗ್ತದೆ. ಹಬ್ಬ ಮುಗಿದ ಮಾರನೇ ದಿನ ಕೆಲಸ ಶುರು ಮಾಡಬಹುದು. ಕಂಬ ನಿಮ್ಮೂರಿನದು, ಮಾತು ನಿಮ್ಮ ಬಾಯಿಂದ ಬರಬೇಕು."

ವಿಸೇಸಿಯೊನ ಮುಖ ಅರಳಿತ್ತು. ಅಕ್ಕನಿಗೆ ಅದು ಅರ್ಥವಾಗದ್ದೇನಲ್ಲ. ದೋಣಿ ಪಂದ್ಯದಲ್ಲಿ ಗೆದ್ದು ದಡ ಮುಟ್ಟಿದರೂ "ಸೊಟ್ಟ ಕಂಬದವರು ಬಂದ್ರು" ಎಂಬ ಕೂಗು. ಮಗನ ಮದುವೆಯಲ್ಲಿ ಬೀಗರು ಹಂದಿಯ ತೊಡೆ ಬಡಿಸುತ್ತ, "ಮೊದ್ಲು ಊಟ ಮಾಡಿ, ಆಮೇಲೆ ಕುಡೀರಿ, ಇಲ್ದಿದ್ರೆ ವಾಲ್ತೀರಿ," ಎಂದಿದ್ದರು. ಅವನು ನಕ್ಕಿದ್ದ. ಆಮೇಲೆ ಸಮುದ್ರದ ಕಡೆ ಮುಖ ಮಾಡಿ ಬಹಳ ಹೊತ್ತು ಕೂತಿದ್ದ.

ಅವಳ ಕೈ ತಾನಾಗಿ ಕಂಬವನ್ನು ಹಿಡಿದುಕೊಂಡಿತು. ಮದುವೆಯಾದ ವರ್ಷ ಅವ್ವ ಅವಳನ್ನು ಇದೇ ಏಣಿ ಹತ್ತಿಸಿ, ಹಾರ ಕಟ್ಟುವ ಜಾಗ ತೋರಿಸಿ, ಕಿವಿಯಲ್ಲಿ ಕಂಬದ ಗುಟ್ಟು ಹೇಳಿದ್ದಳು. ಹೆಣ್ಣುಮಕ್ಕಳಿಗೆ ಮಾತ್ರ. ಗಂಡುಮಕ್ಕಳ ಕಿವಿಗೆ ಬೀಳಬಾರದು. ಈಗ ಸುಮ್ಮನಿದ್ದರೆ ತಮ್ಮನ ತಲೆ ಎತ್ತುತ್ತದೆ, ಅವ್ವನಿಗೆ ಕೊಟ್ಟ ಮಾತೂ ಉಳಿಯುತ್ತದೆ. ಹಾರದ ಮರೆಯಲ್ಲಿರುವುದು ಮಾತ್ರ ಸಿಮೆಂಟಿನೊಳಗೆ ಹೋಗುತ್ತದೆ, ಎಂದೆಂದಿಗೂ.

"ಬೇಡ ಗುರುಗಳೇ," ಎಂದ ಕಪೆಲಿಯೆಲೆ ಮಧ್ಯೆ ಬಾಯಿ ಹಾಕಿ. "ನೆಟ್ಟಗಾದ್ರೆ ನಾವು ಯಾರನ್ನ ನೋಡಿ ನಗೋದು? ಉಪದೇಶದ ಹೊತ್ತಲ್ಲಿ ಎಚ್ಚರ ಇರೋದೇ ಈ ಕಂಬದಿಂದ."

ಗುರುಗಳೂ ನಕ್ಕರು. ವಿಸೇಸಿಯೊ ನಗಲಿಲ್ಲ. "ನಕ್ಕಿದ್ದು ಸಾಕು. ಗುರುಗಳೇ, ವೈತೇಪುವಿನ ಪರವಾಗಿ ನಾನು ಹೇಳ್ತಾ ಇದ್ದೀನಿ..."

"ತಮ್ಮಾ, ತಡಿ."

ಫಲಕಿಕ ಮತ್ತೆ ಏಣಿ ಹತ್ತಿದಳು. ಆಗಷ್ಟೇ ಹಾಕಿದ್ದ ಗಂಟು ಬೇಗ ಬಿಚ್ಚಲಿಲ್ಲ. ಹಲ್ಲಿನಿಂದ ಎಳೆದಳು. ಹಾರ ಜಾರಿ ಕೆಳಗೆ ಬಿತ್ತು. ಎರಡು ಕರಿಕಲ್ಲುಗಳ ನಡುವೆ ಬಿಳಿ ಗಾರೆ, ಒಂದು ಕಡೆ ಬೆರಳಿನಷ್ಟು, ಇನ್ನೊಂದು ಕಡೆ ಅಂಗೈಯಗಲ ದಪ್ಪ. ಅವಳು ಇಳಿದು ಬಂದು ಏಣಿಯನ್ನು ಕಪೆಲಿಯೆಲೆಯ ಕಡೆ ತಳ್ಳಿದಳು.

"ಹತ್ತು."

"ನಾನಾ? ನಿಮ್ಮ ಕಂಬ ಅಕ್ಕಾ. ಮೈಗೆ ಅಂಟಿಕೊಂಡು ನಾನೂ ವಾಲಿಬಿಟ್ರೆ?"

"ಹತ್ತೋ. ಸುಣ್ಣದ ಮೇಲೆ ಕೈಯಾಡಿಸಿ ನೋಡು. ಬಾಯಿ ಆಮೇಲೆ ತೆಗಿ."

ಅವನು ನಗುತ್ತಲೇ ಹತ್ತಿದ. ಗಾರೆಯ ಮೇಲೆ ಬೆರಳಾಡಿಸಿದ. ಬೆರಳು ಒಂದು ಕಡೆ ನಿಂತಿತು, ಹಿಂದೆ ಬಂತು, ಮತ್ತೆ ಮುಂದೆ ಹೋಯಿತು.

"ಏನಿದೆ?" ಎಂದರು ಗುರುಗಳು.

"ಚಾಪೆ," ಎಂದ ಕಪೆಲಿಯೆಲೆ ಮೆಲ್ಲಗೆ. "ಮುಂಡಿಗೆ ಓಲೆಯ ಚಾಪೆ. ಹಸಿ ಸುಣ್ಣದಲ್ಲಿ ಒತ್ತಿದ ಗುರುತು. ಎರಡು ಎಳೆ ಮೇಲೆ, ಒಂದು ಕೆಳಗೆ... ಇದು ನಮ್ಮಮ್ಮನ ಹೆಣಿಗೆ ಅಕ್ಕಾ. ನಾನು ಮಲಗಿ ಬೆಳೆದದ್ದು ಇಂಥ ಚಾಪೆಯ ಮೇಲೆ."

"ನಿನಗೆ ಅವಳು ಹೇಳಲಿಲ್ಲ. ನೀನು ಗಂಡು," ಎಂದಳು ಫಲಕಿಕ. "ಇಗರ್ಜಿ ಕಟ್ಟೋ ವರ್ಷ ನಮ್ಮೂರಿಗೆ ಜ್ವರ ಬಡಿದಿತ್ತಂತೆ. ಅರ್ಧ ಕಂಬ ಎತ್ತೋ ಹೊತ್ತಿಗೆ ನಮ್ಮೂರ ಗಂಡಸರು ಮುಕ್ಕಾಲು ಪಾಲು ಮಣ್ಣಿಗೆ ಹೋಗಿದ್ರು. ಉಳಿದೋರಿಗೆ ಏಳೋಕೆ ಶಕ್ತಿ ಇರ್ಲಿಲ್ಲ. ಬೇರೆ ಊರಿನೋರು ಹವಳ ತರೋಕೆ ಸಮುದ್ರಕ್ಕೆ ಹೋದಾಗ ನಮ್ಮ ಹೆಂಗಸರು ಅಟ್ಟಣಿಗೆ ಹತ್ತಿದ್ರು. ಕಲ್ಲು ಜಾರ್ತಾ ಇತ್ತಂತೆ. ಬೆಣೆ ಹೊಡಿಯೋದು ಯಾರಿಗೂ ಬರ್ತಿರ್ಲಿಲ್ಲ. ಮನೆ ಮನೆಯಿಂದ ಚಾಪೆ ತಂದು, ಮಡಿಚಿ ತುರುಕಿ, ಸುಣ್ಣ ಒಣಗೋವರೆಗೆ ಬೆನ್ನು ಕೊಟ್ಟು ನಿಂತ್ರು."

"ಮತ್ತೆ ಕುಡಿದ ಕತೆ?" ಎಂದ ವಿಸೇಸಿಯೊ.

"ಆ ಹೆಂಗಸರೇ ಹುಟ್ಟಿಸಿದ್ದು. ಗಂಡಸರು ಎತ್ತದ ಕಂಬ ಅಂತಾದ್ರೆ ಊರಿಗೆ ಇಲ್ಲಿ ಜಾಗ ಇಲ್ಲ. ಕುಡಿದಿದ್ರು ಅಂದ್ರೆ, ಎತ್ತೋಕೆ ಗಂಡಸರು ಇದ್ರು ಅಂತಾದ್ರೂ ಆಯ್ತಲ್ಲ ತಮ್ಮಾ."

ವಿಸೇಸಿಯೊ ಕಂಬದ ಬುಡದಲ್ಲಿ ಕೂತುಬಿಟ್ಟ. ತಾನು ಅವನನ್ನು ಇನ್ನಷ್ಟು ಕುಗ್ಗಿಸಿದೆನೇನೋ ಎಂದು ಫಲಕಿಕಳಿಗೆ ಅನ್ನಿಸಿತು. ಅಷ್ಟು ಜನರ ಎದುರು ಆಡಿದ ಮಾತನ್ನು ಇನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ.

"ಮೇಸ್ತ್ರಿಗೆ ಏನು ಹೇಳಲಿ, ವಿಸೇಸಿಯೊ?" ಎಂದರು ಗುರುಗಳು.

ಅವನು ನೆಲದಲ್ಲಿದ್ದ ಹಾರವನ್ನು ಎತ್ತಿಕೊಂಡು, ನಲುಗಿದ ಹೂವುಗಳನ್ನು ಒಂದೊಂದಾಗಿ ತೆಗೆದು ಹಾಕಿದ. ಆಮೇಲೆ ಎದ್ದು, ಏಣಿಯಿಂದಿಳಿದ ಕಪೆಲಿಯೆಲೆಯನ್ನು ದಾಟಿ ಮೇಲೆ ಹತ್ತಿದ. ವೈತೇಪುವಿನ ಗಂಡಸೊಬ್ಬ ಆ ಏಣಿ ಹತ್ತಿದ್ದನ್ನು ಯಾರೂ ಅಲ್ಲಿಯವರೆಗೆ ಕಂಡಿರಲಿಲ್ಲ.

"ಎಲ್ಲಿ ಕಟ್ಟಲಿ, ಅಕ್ಕಾ?"

ಅವಳು ನೋಡಿದಳು. "ಒಂದು ಮೊಳ ಕೆಳಗೆ," ಎಂದಳು.

ಮರುದಿನ ನಗಾರಿ ಬಾರಿಸಿ ಬಲಿಪೂಜೆ ಶುರುವಾದಾಗ, ಕಿಟಕಿಯ ಬಿಸಿಲು ಕಂಬದ ಮೇಲೆ ಬಿದ್ದು ಹೆಣಿಗೆಯ ಗುರುತು ಎಲ್ಲರಿಗೂ ಕಾಣುತ್ತಿತ್ತು. ಫಲಕಿಕ ಒಮ್ಮೆ ಹಿಂದೆ ತಿರುಗಿದಳು. ಹಲೋಫದವರ ಸಾಲಿನಲ್ಲಿ ಕಪೆಲಿಯೆಲೆ ಎಂದಿನಂತೆ ಕುತ್ತಿಗೆ ವಾಲಿಸಿ ಕೂತಿದ್ದ. ಬಿಷಪ್ಪರು ಪೀಠ ಬಿಟ್ಟು ಈ ಕಡೆಗೆ, ಅವನಿಗೆ ಪೂರ್ತಿ ಕಾಣುವಷ್ಟು ಹತ್ತಿರ ಬಂದರು. ಅವನು ಮಾತ್ರ ಕಂಬದ ಹೆಣಿಗೆಯನ್ನೇ ನೋಡುತ್ತ ಕುತ್ತಿಗೆ ನೆಟ್ಟಗೆ ಮಾಡಲಿಲ್ಲ.