ಯಾರೂ ಸಾಯದ ಹುಲ್ಲುಗಾವಲು

ಶಾಂಭವಿ ಬ್ರೆಜಿಲ್ ನೋಡಿದವಳಲ್ಲ. ಆದರೂ ಆ ದೇಶದ ಉತ್ತರದ ಒಂದು ಹುಲ್ಲುಗಾವಲಿನಲ್ಲಿ ಅವಳು ನಾಲ್ಕು ತಿಂಗಳಿಂದ ಓಡಾಡಿಕೊಂಡಿದ್ದಳು. ದೇಹವೇನೋ ಓಕ್ ಬ್ರೂಕ್‌ನ ಆಫೀಸಿನ ಮೂರನೇ ಮಹಡಿಯಲ್ಲೇ ಇರುತ್ತಿತ್ತು. ಕಿಟಕಿಯಾಚೆ ಹತ್ತು ಡಿಗ್ರಿ ಫ್ಯಾರನ್‌ಹೀಟ್ ಚಳಿ, ಪಾರ್ಕಿಂಗ್ ಲಾಟಿನ ಅಂಚಿನಲ್ಲಿ ಗುಡ್ಡೆ ಹಾಕಿದ ಕೊಳಕು ಹಿಮ. ಮನಸ್ಸು ಮಾತ್ರ ಎದೆಯೆತ್ತರದ ಹುಲ್ಲಿನ ನಡುವೆ, ಬೆವರುತ್ತಾ, ಬರಿಗಾಲಲ್ಲಿ.

ಅವಳ ಕಂಪನಿಯದು ಜಮೀನಿನ ಮೇಲೆ ಹಣ ಹೂಡುವವರಿಗೆ ಬುದ್ಧಿ ಹೇಳುವ ಕೆಲಸ. ಈ ಸಲ ಬಂದದ್ದು ಹನ್ನೆರಡು ಸಾವಿರ ಎಕರೆಯ ದನದ ಫಾರ್ಮು. ಹಾಲಿಗಲ್ಲ, ಮಾಂಸಕ್ಕೆ. ಕೊಳ್ಳಬಹುದೋ ಬೇಡವೋ ಎಂದು ಹತ್ತು ವರ್ಷದ ಲೆಕ್ಕ ಕಟ್ಟಿ ಹೇಳಬೇಕಾದವಳು ಶಾಂಭವಿ. ಮಂಡ್ಯದವಳು, ಕುರಿ ಕೋಳಿ ತಿಂದು ಬೆಳೆದವಳು. ಆದರೆ ದನವೆಂದರೆ ಬೇರೆ, ಅದರ ಮಾತೇ ಬೇರೆ. ಹೊಟ್ಟೆಪಾಡಿನ ಮುಂದೆ ಅದನ್ನೆಲ್ಲ ಆಡಿಕೊಂಡು ಕೂರಲಾಗುತ್ತದೆಯೇ? ಹೂಂ ಎಂದು ಒಪ್ಪಿಕೊಂಡಿದ್ದಳು.

ಒಪ್ಪಿಕೊಂಡ ಮೇಲೆ ಆ ಹುಲ್ಲು ಅವಳನ್ನು ಹಿಡಿದುಬಿಟ್ಟಿತು. ಬಿಸಿಲು ನಾಡಿನ ಹುಲ್ಲಿನ ಗುಣವೇ ವಿಚಿತ್ರ. ಮಳೆ ಬಿದ್ದರೆ ಹುಚ್ಚೆದ್ದು ಬೆಳೆಯುತ್ತದೆ, ದನಗಳ ಮೈ ದಿನಕ್ಕೊಂದು ಪೌಂಡಿನಂತೆ ತುಂಬುತ್ತದೆ. ಮಳೆ ನಿಂತು ಎರಡು ತಿಂಗಳಾದರೆ ಅದೇ ಹುಲ್ಲು ಕಡ್ಡಿ. ಮಳೆಯಲ್ಲಿ ಗಳಿಸಿದ ತೂಕವನ್ನು ಬೇಸಿಗೆ ಕಿತ್ತುಕೊಳ್ಳುತ್ತದೆ. ಹೀಗೆ ಏರಿ, ಇಳಿದು, ಮತ್ತೆ ಏರಿ ಒಂದು ಹೋರಿಗರು ಮಾರುವ ತೂಕಕ್ಕೆ ಬರಲು ನಾಲ್ಕು ವರ್ಷ ಬೇಕು. ಎಕರೆಗೆ ಹೆಚ್ಚು ದನ ಬಿಟ್ಟರೆ ಯಾವುದಕ್ಕೂ ಹೊಟ್ಟೆ ತುಂಬದು, ಕಡಿಮೆ ಬಿಟ್ಟರೆ ಹುಲ್ಲು ದಂಡ. ಈ ತಕ್ಕಡಿಯನ್ನು ತೂಗುತ್ತಾ ತೂಗುತ್ತಾ ಶಾಂಭವಿಗೆ ಜೊಂಪು ಹತ್ತಿದಂತಾಗುತ್ತಿತ್ತು. ಸ್ಕ್ರೀನಿನ ಸಾಲುಗಳ ನಡುವಿನಿಂದ ಬಿಳಿ ಹಸುಗಳು ಒಂದೊಂದಾಗಿ ಎದ್ದು ಬರುತ್ತಿದ್ದವು. ಭುಜದ ಮೇಲೆ ಡುಬ್ಬ, ಕೊರಳಿನಡಿ ಜೋಲುವ ಗಂಗೆದೊಗಲು. ಅವುಗಳ ಮುತ್ತಜ್ಜಿಯರು ಹಡಗು ಹತ್ತಿ ಹೋದದ್ದು ಇಂಡಿಯಾದಿಂದಲೇ ಎಂದು ಓದಿದ ದಿನದಿಂದ ಅವಳಿಗೆ ಅವು ನೆಂಟರಾಗಿಬಿಟ್ಟಿದ್ದವು.

ಅಷ್ಟೆಲ್ಲ ಅಕ್ಕರೆಯಿಂದ ಕಟ್ಟಿದ ಲೆಕ್ಕ ಎಂಟನೇ ವರ್ಷಕ್ಕೆ ಮುಳುಗುತ್ತಿತ್ತು. ಹೇಗೆ ತಿರುಗಿಸಿದರೂ ನಷ್ಟವೇ.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಗುರುವಾರ ಬೆಳಿಗ್ಗೆ ಮಾರ್ಗೋ ಕಣ್ಣಿಗೆ ಕಾರಣ ಬಿತ್ತು. ಮಾರ್ಗೋ ಅವಳ ಬಾಸ್, ನೆಬ್ರಾಸ್ಕದ ದನದ ಫಾರ್ಮಿನಲ್ಲೇ ಹುಟ್ಟಿ ಬೆಳೆದ ಅರವತ್ತರ ಹೆಂಗಸು. ಕನ್ನಡಕ ಮೇಲೇರಿಸಿ ಒಂದು ಕಾಲಮ್ಮಿನ ಮೇಲೆ ಬೆರಳಿಟ್ಟಳು.

"ಮುದಿ ಹಸುಗಳ ಮಾರಾಟ, ಸೊನ್ನೆ. ಹತ್ತು ವರ್ಷವೂ ಸೊನ್ನೆ. ಅವೆಲ್ಲ ಎಲ್ಲಿ ಹೋದವು, ಶಾಂಭವಿ?"

"ಅಲ್ಲೇ ಇವೆ," ಎಂದಳು ಶಾಂಭವಿ.

"ಅಲ್ಲೇ ಇವೆ! ಕರು ಹಾಕದೆ, ಎಳೆಯವುಗಳ ಹುಲ್ಲು ತಿಂದುಕೊಂಡು! ನೀನು ಕಟ್ಟಿರುವುದು ಫಾರ್ಮಲ್ಲ, ಸ್ವರ್ಗ. ಇಲ್ಲಿ ಯಾರೂ ಸಾಯುವುದೇ ಇಲ್ಲ." ಮಾರ್ಗೋ ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. "ಸೋಮವಾರ ಹತ್ತು ಗಂಟೆಗೆ ಕ್ಲೈಂಟು ಬರುತ್ತಾರೆ. ಅಷ್ಟರೊಳಗೆ ಹಸುಗಳನ್ನು ಮಾರುವ ವಯಸ್ಸೊಂದನ್ನು ಅಲ್ಲಿ ಹಾಕು. ಏಳು ಅಂತ ಹಾಕಿದರೆ ಅವರಿಗೆ ಖುಷಿ. ನಿನ್ನ ಕೈಯಲ್ಲಿ ಆಗದಿದ್ದರೆ ಈಗಲೇ ಹೇಳು, ಫೈಲನ್ನು ಪ್ರಜ್ವಲ್‌ಗೆ ಕೊಡುತ್ತೇನೆ."

ಫೈಲು ಸಹೋದ್ಯೋಗಿ ಪ್ರಜ್ವಲ್‌ನ ಟೇಬಲ್ಲಿಗೆ ಹೋದರೆ ತನ್ನ ಕೆಲಸವೂ ಅದರ ಬಾಲ ಹಿಡಿದು ಹೋಗುತ್ತದೆ, ಕೆಲಸ ಹೋದರೆ ಅವಳ ವೀಸಾದ ಮೇಲೆ ಈ ದೇಶದಲ್ಲಿರಲು ಅರವತ್ತೇ ದಿನ. ಅದು ಶಾಂಭವಿಗೆ ಗೊತ್ತಿತ್ತು. ಗೊತ್ತಿದ್ದರೂ ಗುರುವಾರವಿಡೀ ಆ ಸೊನ್ನೆಯನ್ನು ಅಳಿಸಲು ಬೆರಳು ಏಳಲಿಲ್ಲ.

ಅವಳು ಬೇಕೆಂದು ಮಾಡಿದ ತಪ್ಪಲ್ಲ. ರೋಗಕ್ಕೆ, ಹಾವು ಕಡಿತಕ್ಕೆ, ಹೋರಿಗಳ ಮಾರಾಟಕ್ಕೆ, ಎಲ್ಲಕ್ಕೂ ಅಂಕಿ ಹಾಕಿದ್ದಳು. ಗೊಡ್ಡಾದ ಹಸು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಮಾತ್ರ ತಲೆಗೆ ಬಂದಿರಲಿಲ್ಲ, ಏಕೆಂದರೆ ಅದಕ್ಕೆ ಉತ್ತರ ಎಂಟನೇ ವಯಸ್ಸಿನಲ್ಲೇ ಸಿಕ್ಕಿತ್ತು. ಅವರ ಮನೆಯಲ್ಲಿ ನಾಲ್ಕು ಹಸುಗಳಿದ್ದವು. ಅವ್ವ ಡೇರಿಗೆ ಹಾಲು ಹಾಕುತ್ತಿದ್ದಳು. ಒಂದು ದಿನ ಸ್ಕೂಲಿನಿಂದ ಬಂದಾಗ ಯಾರೋ ಬೆಳ್ಳಿಯನ್ನು ಹೊಡೆದುಕೊಂಡು ಹೋಗುತ್ತಿದ್ದರು. ಬೆಳ್ಳಿ ಎಲ್ಲರಿಗಿಂತ ಹಿರಿಯ ಹಸು. "ಅವಳ ತವರಿಗೆ ಹೊಂಟವ್ಳೆ ಕಣವ್ವ," ಎಂದಿದ್ದಳು ಅವ್ವ. ಹಸುಗಳು ಮುದಿಯಾದರೆ ತವರಿಗೆ ಹೋಗುತ್ತವೆ. ಅರ್ಥಶಾಸ್ತ್ರದಲ್ಲಿ ಎರಡು ಡಿಗ್ರಿ ಪಡೆದ ಮೇಲೂ ಶಾಂಭವಿಯ ಮನಸ್ಸಿನ ಯಾವುದೋ ಮೂಲೆ ಇದನ್ನು ನಂಬಿಕೊಂಡೇ ಇತ್ತು.

ಆ ಅವ್ವ, ಕೆಂಪಮ್ಮ, ಆರು ತಿಂಗಳ ವೀಸಾದಲ್ಲಿ ಬಂದು ಆಫೀಸಿಗೆ ಹತ್ತಿರದ ಇಟಾಸ್ಕಾದಲ್ಲಿ ಮಗಳ ಅಪಾರ್ಟ್‌ಮೆಂಟಿನಲ್ಲಿದ್ದಳು. ಶಾಂಭವಿಯ ಗಂಡ ದೇವೇಂದ್ರನ ಕೆಲಸ ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್‌ನಲ್ಲಿ. ವಾರದ ಕೊನೆಗೆ ಇವರು ಅಲ್ಲಿಗೆ ಹೋಗುವುದು ರೂಢಿ. ಶುಕ್ರವಾರ ಮಧ್ಯಾಹ್ನ ಇಬ್ಬರೂ ಹೊರಟರು. ಇಂಡಿಯಾನಾ ರಾಜ್ಯ ದಾಟಿ ಮಿಷಿಗನ್ ಸೇರುವ ಹೊತ್ತಿಗೆ ರಸ್ತೆಯ ಎರಡೂ ಕಡೆ ಬಿಳುಪು ಬಿಟ್ಟರೆ ಬೇರೇನೂ ಇರಲಿಲ್ಲ. ಆ ಹಿಮದ ಹೊಲಗಳ ಮೇಲೆ ತನ್ನ ಬಿಳಿ ಹಸುಗಳು ನಿಧಾನವಾಗಿ ಕಾರಿನ ಜೊತೆಗೇ ನಡೆಯುತ್ತಿರುವಂತೆ ಶಾಂಭವಿಗೆ ಅನಿಸಿತು.

"ಯಾಕವ್ವಾ, ಬೆಳಗಿಂದ ಮಕ ಊದಿಸ್ಕಂಡಿದ್ದೀಯೆ?" ಮಂಕಿ ಟೋಪಿಯೊಳಗಿನಿಂದ ಕೆಂಪಮ್ಮ ಕೇಳಿದಳು.

ಶಾಂಭವಿ ಎಲ್ಲವನ್ನೂ ಹೇಳಿದಳು. ಕೆಂಪಮ್ಮ ಕೊನೆಯವರೆಗೂ ಕೇಳಿ, "ಗೊಡ್ಡು ಹಸ ಎಷ್ಟವೆ?" ಎಂದಳು.

"ಸಾವಿರದ ನೂರು."

"ಅಯ್ಯೋ ನನ್ನವ್ವಾ! ಬ್ಯಾಸ್ಗೇಲಿ ಅವು ಏನ್ ತಿಂತವೆ?"

"ಅದೇ ಹುಲ್ಲು."

"ಆ ಕಡ್ಡಿಯಂತ ಹುಲ್ಲಾ? ಹಲ್ಲು ಸವೆದ ಹಸ ಅದನ್ನ ಕಡೀಲಾರ್ದು. ನಿಂತಲ್ಲೇ ಒಣಗ್ತದೆ. ಒಂದಿನ ಮಲಗ್ತದೆ, ಏಳಕ್ಕಾಗಲ್ಲ. ಜೀವ ಇದ್ದಂಗೇ ಕಾಗೆ ಬಂದು ಕಣ್ಣು ಕುಕ್ತವೆ. ನೀನು ಸಾಕ್ತಾ ಇಲ್ಲ ಕಣವ್ವ, ನಿಧಾನಕ್ಕೆ ಸಾಯಿಸ್ತಾ ಇದ್ದೀಯೆ."

ಶಾಂಭವಿಗೆ ಮೈ ಉರಿಯಿತು. "ಹಂಗಾದ್ರೆ ಬೆಳ್ಳಿ? ಬೆಳ್ಳೀನ ಏನ್ ಮಾಡ್ದೆ ನೀನು?"

ಕೆಂಪಮ್ಮ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಮಾರ್ದೆ," ಎಂದಳು ಆಮೇಲೆ.

"ಯಾರಿಗೆ?"

"ಕೇಳಲ್ಲ. ಗೊಡ್ಡು ಹಸ ಮಾರೋರು ತಗೊಳೋನ ಊರು ಕೇಳಲ್ಲ, ಅವ್ನೂ ಹೇಳಲ್ಲ. ಕಣ್ಣಿ ಮಾತ್ರ ಬಿಚ್ಕಂತೀವಿ. ಹಸ ಅವಂದು, ಹಗ್ಗ ನಮ್ದು. ಅಷ್ಟೇಯ."

"ತವರಿಗೆ ಹೋದ್ಲು ಅಂದ್ಯಲ್ಲವ್ವಾ!"

"ಎಂಟು ವರ್ಸದ ಮಗೀಗೆ ಇನ್ನೇನು ಹೇಳ್ಲಿ?"

ಶಾಂಭವಿಗೆ ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚು ನಾಚಿಕೆಯಾಗಿತ್ತು. ಮೂವತ್ತನಾಲ್ಕು ವರ್ಷದ ಹೆಂಗಸು, ಊರಿಗೆಲ್ಲ ಬುದ್ಧಿ ಹೇಳುವವಳು, ಬೆಳ್ಳಿ ಎಲ್ಲಿಗೆ ಹೋದಳೆಂದು ಒಂದು ದಿನವಾದರೂ ಯೋಚಿಸಿದ್ದಳೇ?

ಡಿಯರ್‌ಬಾರ್ನ್‌ನ ಮನೆಯಲ್ಲಿ ದೇವೇಂದ್ರ ವಿಷಯವನ್ನೆಲ್ಲ ಕೇಳಿ ತಲೆ ಕೆರೆದುಕೊಂಡ. ಅವನು ಕಾರಿನ ಸೀಟು ಡಿಸೈನ್ ಮಾಡುವ ಇಂಜಿನಿಯರ್. ಮೇಜಿನ ತುಂಬ ಕಂದು, ಕಪ್ಪು ಚರ್ಮದ ತುಂಡುಗಳು. "ಎರಡು ವರ್ಷದಿಂದ ಲೆದರ್ ಸೀಟಲ್ಲಿ ಕೂತು ಡ್ರೈವ್ ಮಾಡ್ತಿದ್ದೀಯಲ್ಲ, ಅದೇನು ಮರದಲ್ಲಿ ಬೆಳೀತು ಅಂದ್ಕೊಂಡಿದ್ದೆಯಾ?" ಎಂದ. ತಮಾಷೆಗೆ ಅಂದ ಮಾತು. ಅವಳ ಮುಖ ನೋಡಿ ಮೆಲ್ಲಗೆ ಕಾಫಿ ಮಾಡಲು ಎದ್ದು ಹೋದ. ಜಾಣ.

ಶನಿವಾರ ಹಾಗೇ ಕಳೆಯಿತು. ಭಾನುವಾರ ಮಧ್ಯಾಹ್ನ ಬಿಸಿಲು ಬಂದು ಹಿಮ ಕರಗಿ ಸೂರಿನಿಂದ ತೊಟ್ಟಿಕ್ಕತೊಡಗಿದಾಗ ಶಾಂಭವಿ ಲ್ಯಾಪ್‌ಟಾಪ್ ತೆರೆದಳು. ಕಣ್ಣು ಮಂಜಾಯಿತು. ಹುಲ್ಲು ಎದೆಯೆತ್ತರಕ್ಕೆ ಎದ್ದಿತು, ಗಾಳಿ ಬೀಸಿತು, ಹಸುಗಳು ತಲೆಯೆತ್ತಿ ಅವಳನ್ನು ನೋಡಿದವು. ಮೊದಲ ಸಲ ಅವಳು ಅವುಗಳ ಪಕ್ಕೆಲುಬು ನೋಡಿದಳು. ನಾಲ್ಕು ತಿಂಗಳಿಂದ ಆ ಹುಲ್ಲುಗಾವಲಿನಲ್ಲಿ ಮಳೆಗಾಲವೇ ಇತ್ತು. ಬೇಸಿಗೆಯಲ್ಲಿ ಅವಳು ಅಲ್ಲಿಗೆ ಹೋಗಿರಲೇ ಇಲ್ಲ. ಈಗ ಹೋದಳು. ಹಲ್ಲಿಲ್ಲದ ಬಾಯಿಗಳು ಕಡ್ಡಿಯನ್ನು ಕಚ್ಚಿ ಕಚ್ಚಿ ಬಿಡುತ್ತಿದ್ದವು. ಪಕ್ಕದಲ್ಲಿ ಪುಟ್ಟ ಕರುಗಳು ಹಸಿದು ನಿಂತಿದ್ದವು.

"ಅವ್ವಾ," ಎಂದು ಕರೆದಳು. "ಎಷ್ಟು ವಯಸ್ಸು ಹಾಕ್ಲಿ? ಏಳು ಅಂತಾರೆ ಅವರು."

ಕೆಂಪಮ್ಮ ಬಂದು ಪಕ್ಕದಲ್ಲಿ ಕೂತಳು. "ಏಳಕ್ಕೇ ಯಾಕೆ? ಏಳರಲ್ಲಿ ಹಸ ಇನ್ನೂ ಗಟ್ಟಿಗಿತ್ತಿ, ಇನ್ನೂ ಮೂರು ಕರ ಈಯ್ತದೆ. ಹಲ್ಲು ಹೋಗೋದು ಹತ್ತರ ಮ್ಯಾಲೆ. ಹತ್ತು ಹಾಕು." ಸ್ಕ್ರೀನಿನ ಕಡೆ ಬಾಗಿ ಹೇಳಿದಳು: "ಇನ್ನೊಂದು ಮಾತು. ಬ್ಯಾಸ್ಗೆ ಬರೋಗಂಟ ಕಾಯಬ್ಯಾಡ. ಮಳೆ ಮುಗಿಯೋವಾಗ್ಲೇ ಕಳ್ಸು. ಹೊಟ್ಟೆ ತುಂಬಿರೋವಾಗ ಹೋಗ್ಲಿ."

ಶಾಂಭವಿ ಸೊನ್ನೆ ಅಳಿಸಿ, ಮಾರುವ ವಯಸ್ಸು ಹತ್ತು ಎಂದು ಹಾಕಿದಳು. ತಿಂಗಳಿನ ಜಾಗದಲ್ಲಿ ಮಳೆಗಾಲದ ಕೊನೆಯ ತಿಂಗಳು ಬರೆದಳು. ಒಂದು ಕ್ಷಣ ಸ್ಕ್ರೀನು ಸ್ತಬ್ಧವಾಯಿತು. ಆಮೇಲೆ ಮೇಲಿನಿಂದ ಕೆಳಗೆ ನಷ್ಟದ ಕೆಂಪು ಅಂಕಿಗಳು ಒಂದೊಂದಾಗಿ ಕಪ್ಪಾದವು. ಬೇಸಿಗೆಯ ಹುಲ್ಲು ಕರುಗಳಿಗೆ ಸಿಕ್ಕಿತು. ಹೋರಿಗಳು ಐದು ತಿಂಗಳು ಮೊದಲೇ ತೂಕಕ್ಕೆ ಬಂದವು. ಎಂಟನೇ ವರ್ಷ ಫಾರ್ಮು ಮುಳುಗಲಿಲ್ಲ. ಮಾರ್ಗೋಗೆ ಕಳಿಸಿದ ಹದಿನೈದು ನಿಮಿಷಕ್ಕೆ ಉತ್ತರ ಬಂತು. ಏಳಕ್ಕಿಂತ ಹತ್ತರಲ್ಲೇ ಲಾಭ ಹೆಚ್ಚೆಂದು ಕ್ಲೈಂಟಿಗೆ ನೀನೇ ವಿವರಿಸು, ಫೈಲು ನಿನ್ನದೇ ಎಂದಿತ್ತು.

ಕೆಲಸ ಉಳಿಯಿತು. ಶಾಂಭವಿ ಕಣ್ಣು ಮುಚ್ಚಿ ಹುಲ್ಲುಗಾವಲಿಗೆ ಹೋಗಲು ನೋಡಿದಳು. ಅಲ್ಲಿ ಲಾರಿಗಳು ನಿಂತಿದ್ದವು. ಸಾವಿರದ ನೂರು ಹಸುಗಳು ಹೊಟ್ಟೆ ತುಂಬ ಮೇದು ಸಾಲಾಗಿ ಹತ್ತುತ್ತಿದ್ದವು. ಒಂದೂ ಕೂಗಲಿಲ್ಲ. ತಾನು ಮಾಡಿದ್ದು ಸರಿ ಎಂದು ಅವಳಿಗೆ ಗೊತ್ತಿತ್ತು, ಅದರಿಂದ ಸಂಕಟವೇನೂ ಕಡಿಮೆಯಾಗಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಅವ್ವನ ಮಡಿಲಿಗೆ ತಲೆಯಿಟ್ಟು ಗೊಳೋ ಎಂದು ಅತ್ತಳು.

ಕೆಂಪಮ್ಮ ಸುಮ್ಮನಿರು ಎನ್ನಲಿಲ್ಲ. ಮಗಳ ಬೆನ್ನು ಸವರುತ್ತಾ, "ಅಳು ಮಗಾ, ಅತ್ಬುಡು," ಎಂದಳು. "ಬೆಳ್ಳಿ ಹೋದ ದಿನ ನಂಗೆ ಅಳಕ್ಕಾಗ್ಲಿಲ್ಲ. ನೀನು ಬಾಗಿಲಲ್ಲಿ ನಿಂತ್ಕಂಡು ನನ್ನ ಮಕಾನೇ ನೋಡ್ತಿದ್ದೆ."

ಶಾಂಭವಿ ತಲೆಯೆತ್ತುವಷ್ಟರಲ್ಲಿ ಅವ್ವನೂ ಅಳುತ್ತಿದ್ದಳು.