ಎರಡನೆಯ ದನಿ

ಕಾಲೇಜಿನಿಂದ ಬಂದ ಇಮೇಲಿನಲ್ಲಿ ಆರೋಪ ಮೂರೇ ಸಾಲಿನದಾಗಿತ್ತು. ಪರೀಕ್ಷೆ ಶುರುವಾದ ನಲವತ್ತೊಂದನೆಯ ನಿಮಿಷದಿಂದ ಎರಡನೆಯ ವ್ಯಕ್ತಿಯೊಬ್ಬರ ದನಿ ಕೇಳಿಸಿದೆ. ಆ ದನಿ ಒಂದು ಕಡೆ ಇಂಗ್ಲಿಷಿನಲ್ಲಿ ಅಂಕಿಗಳನ್ನು ಹೇಳಿದೆ. ವಿದ್ಯಾರ್ಥಿನಿಯ ಕಣ್ಣು ಏಳು ಸಲ ಪರದೆ ಬಿಟ್ಟು ಎಡಗಡೆಗೆ ಹೋಗಿದೆ.

ಕೆಳಗೆ ಎರಡು ಬಟನ್‌ಗಳಿದ್ದವು. ಮೊದಲನೆಯದನ್ನು ಒತ್ತಿದರೆ ಕಾಪಿ ಮಾಡಿದ್ದು ನಿಜವೆಂದು ಒಪ್ಪಿಕೊಂಡ ಹಾಗೆ. ಕೋರ್ಸಿನಲ್ಲಿ ಫೇಲು, ಅಲ್ಲಿಗೆ ಮುಗಿಯಿತು, ಯಾರೂ ಏನೂ ಕೇಳುವುದಿಲ್ಲ. ಎರಡನೆಯದನ್ನು ಒತ್ತಿದರೆ ಜೂನ್ ಹನ್ನೆರಡರಂದು ವಿಡಿಯೊದಲ್ಲಿ ವಿಚಾರಣೆ. ಅಲ್ಲಿ ರೆಕಾರ್ಡಿಂಗ್ ಹಾಕುತ್ತಾರೆ. ದನಿ ಬೇರೆ ಭಾಷೆಯದಾದ್ದರಿಂದ ಅನುವಾದಕ್ಕೆ ಕಾಲೇಜಿನವರೇ ಒಬ್ಬರನ್ನು ಕರೆಸುತ್ತಾರೆ.

ತಾರಿಣಿ ಅದನ್ನು ಅಡುಗೆಮನೆಯಲ್ಲಿ ನಿಂತೇ ಓದಿದಳು. ಒಲೆಯ ಮೇಲೆ ಹಾಲು ಉಕ್ಕಿತು. ಒರೆಸಿ, ಮತ್ತೆ ಓದಿದಳು. ಆ ದನಿ ಯಾರದೆಂದು ಅವಳಿಗೆ ಗೊತ್ತಿತ್ತು. ಅದು ಏನು ಹೇಳಿತ್ತೆಂಬುದೂ ಒಂದಕ್ಷರ ಬಿಡದೆ ಗೊತ್ತಿತ್ತು. ಆದರೆ ಆ ದನಿ ಯಾರನ್ನೂ ಕರೆದೇ ಇರಲಿಲ್ಲವೆಂದು ಮನೆಯಲ್ಲಿ ಹೇಳಿಯಾಗಿತ್ತು.

ತಾರಿಣಿಗೆ ಇಪ್ಪತ್ತೆರಡು ವರ್ಷ. ಅವಳು ಶಾಲೆ ಬಿಟ್ಟ ದಿನ ಇಂಥದ್ದೇ ಎಂದು ಹೇಳಲು ಬರುವಂತಿರಲಿಲ್ಲ. ಕೋವಿಡ್ ಬಂದು ಶಾಲೆಯೆಲ್ಲ ಪರದೆಯ ಮೇಲೆ ನಡೆಯತೊಡಗಿದಾಗ ಅವಳು ಮೊದಲು ಕ್ಯಾಮೆರಾ ಆಫ್ ಮಾಡಿದಳು, ಆಮೇಲೆ ಮೈಕು. ಒಂದು ಬೆಳಿಗ್ಗೆ ಲಾಗಿನ್ ಮಾಡಲಿಲ್ಲ. ಹನ್ನೊಂದು ದಿನ ಯಾರೂ ಕೇಳಲಿಲ್ಲ. ಅಮ್ಮ ಉಷಾ ಆಸ್ಪತ್ರೆಯ ಲ್ಯಾಬಿನಲ್ಲಿ ಎರಡೆರಡು ಪಾಳಿ ದುಡಿಯುತ್ತಿದ್ದ ಕಾಲ ಅದು. ಮನೆಯವರಿಗೆ ಗೊತ್ತಾಗುವಷ್ಟರಲ್ಲಿ ಮಗಳಿಗೆ ಹದಿನೇಳು ತುಂಬಿತ್ತು, ಬಾಗಿಲು ತೆರೆದು ಹೊರಗೆ ಹೋಗುವುದೇ ಅವಳಿಗೆ ಕಷ್ಟವಾಗಿತ್ತು. ಕನ್ನಡ ಕೂಟದಲ್ಲಿ ಯಾರಾದರೂ ಕೇಳಿದರೆ ಅಮ್ಮ, "ಗ್ಯಾಪ್ ಇಯರ್ ತಗೊಂಡಿದಾಳೆ" ಅನ್ನುತ್ತಿದ್ದರು. ಐದು ವರ್ಷ ಹಾಗೇ ಅಂದರು.

"ಈ ಗ್ಯಾಪಿನ್ಯಾಗ ಒಂದು ಲಾರಿ ಹಾದು ಹೋಗತೈತಿ," ಎಂದು ಅಪ್ಪ ಗಣಪತಿ ಒಮ್ಮೆ ಅಂದಿದ್ದರು. ಅದಕ್ಕೆ ಯಾರೂ ನಗಲಿಲ್ಲ.

ಕೊನೆಗೆ ಹೈಸ್ಕೂಲಿಗೆ ಸಮನಾದ ಪರೀಕ್ಷೆಯೊಂದನ್ನು ಕಟ್ಟಿ ಪಾಸಾದಳು. ಕಮ್ಯೂನಿಟಿ ಕಾಲೇಜಿನವರು ಒಂದು ಷರತ್ತು ಹಾಕಿ ಸೇರಿಸಿಕೊಂಡರು: ಮೊದಲು ಒಂದೇ ಒಂದು ಆನ್‌ಲೈನ್ ಕೋರ್ಸು, ಅದರಲ್ಲಿ ಪಾಸಾದರೆ ಸೆಪ್ಟೆಂಬರಿನಿಂದ ಪೂರ್ತಿ ವಿದ್ಯಾರ್ಥಿನಿ. ಅವಳು ಅಮೆರಿಕದ ಇತಿಹಾಸದ ಮೊದಲ ಭಾಗವನ್ನು ಆರಿಸಿಕೊಂಡಳು. ಅದರಲ್ಲಿ ಗುಂಪಿನ ಕೆಲಸ ಇರಲಿಲ್ಲ, ಕೊನೆಯ ಪರೀಕ್ಷೆ ಬಿಟ್ಟರೆ ಮುಖ ತೋರಿಸುವ ಅಗತ್ಯವೂ ಇರಲಿಲ್ಲ ಎಂಬುದೇ ಕಾರಣ.

ಆದರೆ ಎರಡನೆಯ ವಾರಕ್ಕೇ ಅದು ಅವಳನ್ನು ಹಿಡಿದುಕೊಂಡಿತು. ಮೊದಲ ಚಳಿಗಾಲದಲ್ಲೇ ಸತ್ತ ವಲಸೆಗಾರರು, ಸಿಡುಬಿಗೆ ಖಾಲಿಯಾದ ಹಳ್ಳಿಗಳು, ಓಡಿಹೋದ ಆಳುಗಳನ್ನು ಹಿಡಿದು ಕೊಡಿ ಎಂಬ ಜಾಹೀರಾತುಗಳು. ಸದಾ ಒಂದೇ ಬೂದು ಸ್ವೆಟರಿನಲ್ಲಿ ಕಾಣುತ್ತಿದ್ದ ಮುದಿ ಪ್ರೊಫೆಸರು ಪ್ರತಿ ಪಾಠದಲ್ಲೂ ಒಂದು ಮಾತು ಹೇಳುತ್ತಿದ್ದರು: ಕಾಗದ ಹುಟ್ಟುವುದು ಒಂದು ಕೆಲಸಕ್ಕೆ, ಅದು ಬಾಯಿಬಿಡುವುದು ಇನ್ನೊಂದನ್ನು. ತಾರಿಣಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಎರಡು ಗೆರೆ ಎಳೆದಿದ್ದಳು.

ಫ್ಲೋರಲ್ ಪಾರ್ಕಿನ ಹಿಲ್‌ಸೈಡ್ ಅವೆನ್ಯೂದಲ್ಲಿ ಸೀರೆ ಅಂಗಡಿಯ ಮೇಲಿನ ಅಪಾರ್ಟ್‌ಮೆಂಟು ಅವರದು. ಹಾಲಿನಲ್ಲಿ ಆಯಿಯ ಮಂಚ. ಆಯಿ ಎಂದರೆ ಅಪ್ಪನ ತಾಯಿ. ಧಾರವಾಡದಿಂದ ಅಮೆರಿಕಕ್ಕೆ ಬಂದು ಒಂಬತ್ತು ವರ್ಷ. ಹೋದ ವರ್ಷ ಸ್ಟ್ರೋಕ್ ಆಗಿ ಎಡಗಾಲು ಸೋತಿತ್ತು. ಹಗಲೆಲ್ಲ ಆಯಿಯನ್ನು ನೋಡಿಕೊಳ್ಳುವುದು ತಾರಿಣಿಯ ಪಾಲಿಗೆ ಬಂದಿತ್ತು. ಮನೆಯಲ್ಲಿ ಇರುವವಳು ಅವಳೊಬ್ಬಳೇ ಆದ್ದರಿಂದ ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿ ಬರಲಿಲ್ಲ. ವಾರಕ್ಕೆರಡು ಸಲ ಟೋನಿ ಎಂಬ ಫಿಸಿಯೊಥೆರಪಿಸ್ಟ್ ಬಂದು ಆಯಿಗೆ ಎದ್ದು ನಿಲ್ಲುವುದನ್ನು ಕಲಿಸುತ್ತಿದ್ದ. ಮೂಗು ಮುಂದೆ, ಕೈ ಒತ್ತು, ಎಣಿಸು: ವನ್, ಟೂ, ತ್ರೀ, ಅಪ್. ಆಯಿಗೆ ಬರುತ್ತಿದ್ದ ಇಂಗ್ಲಿಷು ಅಷ್ಟೇ.

"ಟೋನಪ್ಪ ಎಬ್ಬಸ್ತಾನ, ಕುಂಡರಸ್ತಾನ. ನಾ ಏನ ಸಾಲಿ ಹುಡುಗಿ ಆಗೇನಿ," ಅಂದು ನಗುತ್ತಿದ್ದಳು.

ಪರೀಕ್ಷೆ ಮೇ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ ಎರಡಕ್ಕೆ. ಎಪ್ಪತ್ತೈದು ನಿಮಿಷ. ಕಂಪ್ಯೂಟರಿನ ಕ್ಯಾಮೆರಾ ನೋಡುತ್ತಲೇ ಇರುತ್ತದೆ. ಕೋಣೆಯಲ್ಲಿ ಬೇರೆ ಯಾರೂ ಇರಬಾರದು, ಮಾತಾಡಬಾರದು, ಕುರ್ಚಿ ಬಿಟ್ಟು ಎದ್ದರೆ ಪರೀಕ್ಷೆ ಅಲ್ಲಿಗೇ ಮುಚ್ಚಿಕೊಳ್ಳುತ್ತದೆ. ಅಮ್ಮ ಒಂದು ಗಂಟೆಗೆ ಮನೆಯಲ್ಲಿರುತ್ತೇನೆ ಅಂದಿದ್ದರು. ಒಂದಕ್ಕೆ ಐದು ನಿಮಿಷ ಇರುವಾಗ ಫೋನು ಬಂತು.

"ರಿಲೀವರ್ ಬಂದಿಲ್ಲ ಕಣೆ, ಪುಟ್ಟಿ. ನಾನು ಬಿಟ್ಟು ಬರೋ ಹಾಗಿಲ್ಲ. ಅತ್ತೆ ಊಟ ಆದ್ಮೇಲೆ ಮಲಗಿದ್ರೆ ನಾಲ್ಕರವರೆಗೂ ಏಳಲ್ಲ. ನೀನು ಧೈರ್ಯವಾಗಿ ಬರಿ."

"ಓಕೆ," ಅಂದಳು ತಾರಿಣಿ.

ಪ್ರೊಫೆಸರಿಗೆ ಒಂದು ಇಮೇಲ್ ಹಾಕಬಹುದಿತ್ತು. ಗುರುತಿಲ್ಲದವರಿಗೆ ಎರಡು ಸಾಲು ಬರೆಯಲು ಅವಳಿಗೆ ಎರಡು ದಿನ ಬೇಕಾಗುತ್ತಿತ್ತು. ಇದ್ದದ್ದು ಒಂದು ಗಂಟೆ.

ಆಯಿ ಮಲಗಿದ್ದನ್ನು ನೋಡಿ ಅವಳು ತನ್ನ ಕೋಣೆಯ ಬಾಗಿಲು ಹಾಕಿಕೊಂಡಳು. ನಲವತ್ತು ನಿಮಿಷ ಸರಿಯಾಗಿಯೇ ಹೋಯಿತು. ಆಮೇಲೆ ಹಾಲಿನಿಂದ ಕೇಳಿಸಿತು.

"ತಾರೀ. ನೀರು ಕೊಡಬಾ ಯವ್ವಾ."

ಅವಳು ಎಡಕ್ಕೆ, ಬಾಗಿಲ ಕಡೆಗೆ ನೋಡಿದಳು. ಪರದೆಗೆ ಮರಳಿದಳು.

"ತಾರೀ. ನನಗ ಬಚ್ಚಲಕ್ಕ ಹೋಗಬೇಕಾಗೇತಿ."

ಉಳಿದದ್ದು ಒಂದೇ ಪ್ರಶ್ನೆ, ಇಪ್ಪತ್ತು ಅಂಕದ್ದು. ಸೇಲಂ ಊರಿನ ಮಾಟಗಾತಿಯರ ವಿಚಾರಣೆಯಲ್ಲಿ ತಪ್ಪು ಒಪ್ಪಿಕೊಂಡವರು ಏಕೆ ಬದುಕಿದರು, ನಿರಾಕರಿಸಿದವರು ಏಕೆ ಗಲ್ಲಿಗೇರಿದರು? ಅವಳಿಗೆ ಉತ್ತರ ಚೆನ್ನಾಗಿ ಗೊತ್ತಿತ್ತು. ಬೆರಳು ತಾನೇ ಓಡುತ್ತಿತ್ತು.

"ತಾರೀ, ಇದ್ದೀಯಿಲ್ಲೋ?"

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮಂಚ ಕಿರುಗುಟ್ಟಿತು. ಆಯಿ ತನಗೆ ತಾನೇ ಹೇಳಿಕೊಳ್ಳುವ ಹಾಗೆ ಎಣಿಸಿದಳು. "ವನ್. ಟೂ. ತ್ರೀ."

ದೊಪ್ಪೆಂದು ಒಂದು ಸದ್ದು. ಕೆಳಗಿನ ಅಂಗಡಿಯಲ್ಲಿ ಸೀರೆಯ ಮೂಟೆಗಳನ್ನು ಇಳಿಸುವಾಗ ದಿನಕ್ಕೆ ಹತ್ತು ಸಲ ಕೇಳಿಸುವಂಥದ್ದೇ ಸದ್ದು. ತಾರಿಣಿ ಅದು ಮೂಟೆ ಅಂದುಕೊಂಡಳು. ಅಂದುಕೊಳ್ಳಲು ಅವಳು ಕಷ್ಟಪಡಬೇಕಾಯಿತು. ಇನ್ನೂ ಹದಿನಾಲ್ಕು ನಿಮಿಷ ಬರೆದಳು. ಕಾಗುಣಿತ ಒಮ್ಮೆ ನೋಡಿ, ಸಬ್ಮಿಟ್ ಒತ್ತಿ, ಎದ್ದು ಬಾಗಿಲು ತೆರೆದಳು.

ಆಯಿ ಮಂಚಕ್ಕೂ ಪಕ್ಕದಲ್ಲಿಟ್ಟಿದ್ದ ಕಮೋಡು ಕುರ್ಚಿಗೂ ನಡುವೆ ನೆಲದ ಮೇಲೆ ಬಿದ್ದಿದ್ದಳು. ಸೀರೆ ಒದ್ದೆಯಾಗಿತ್ತು. ಕಣ್ಣು ತೆರೆದಿತ್ತು.

"ಮುಗೀತೇನವಾ ಪರೀಕ್ಷೆ?" ಅಂದಳು.

ಸೊಂಟದ ಮೂಳೆ ಮುರಿದಿತ್ತು. ಆಂಬುಲೆನ್ಸಿನ ಹಿಂದೆಯೇ ಓಡಿಬಂದ ಅಮ್ಮನಿಗೆ ತಾರಿಣಿ, ಬಿದ್ದ ಸದ್ದು ಕೇಳಿದ ಕೂಡಲೇ ಬಂದೆ ಅಂದಳು. ಮೊದಲು ಕರೆದಿದ್ದರೇ ಎಂದು ಅಮ್ಮ ಕೇಳಿದಾಗ, ಸ್ಟ್ರೆಚರಿನ ಮೇಲಿನಿಂದ ಆಯಿಯೇ ಹೇಳಿದಳು. "ಇಲ್ಲವಾ ಉಷಾ. ನಾ ಯಾರನ್ನೂ ಕರೀಲಿಲ್ಲ. ಸುಮ್ಮನ ಎದ್ದೆ, ಬಿದ್ದೆ."

ಆಪರೇಷನ್ ಆಗಿ ಆಯಿಯನ್ನು ಹತ್ತಿರದ ಒಂದು ನರ್ಸಿಂಗ್ ಹೋಮಿನ ರಿಹ್ಯಾಬ್ ವಾರ್ಡಿಗೆ ಹಾಕಿದ್ದರು. ಇಮೇಲ್ ಬಂದ ಮೂರನೆಯ ದಿನ ಇನ್ನೊಂದು ಬಂತು. ವಿಚಾರಣೆಯಾದರೆ ಬರುವ ಅನುವಾದಕಿಯ ಹೆಸರು ಅದರಲ್ಲಿತ್ತು. ನ್ಯೂಜೆರ್ಸಿಯ ಕೋರ್ಟುಗಳಲ್ಲಿ ದುಭಾಷಿ ಕೆಲಸ ಮಾಡುವ ಸೌಜನ್ಯಾ. ಕೂಟದ ಯುಗಾದಿ ಕಾರ್ಯಕ್ರಮದಲ್ಲಿ ಪ್ರತಿವರ್ಷ ಅಮ್ಮನ ಪಕ್ಕದಲ್ಲೇ ನಿಂತು ಹಾಡುವ ಆಂಟಿ. ತಾರಿಣಿ ಫೋನು ತೆಗೆದುಕೊಂಡು ಆಯಿಯ ಹತ್ತಿರ ಹೋದಳು.

"ಪಾಸಾದ್ಯೇನ?" ಆಯಿ ಅದನ್ನೇ ಮೊದಲು ಕೇಳಿದಳು.

"ಕಾಪಿ ಹೊಡದೀ ಅಂತಾರ. ನಿನ್ನ ದನಿ ರೆಕಾರ್ಡ್ ಆಗೇತಿ, ಆಯಿ. ನೀನು ನನಗ ಉತ್ತರ ಹೇಳಿಕೊಟ್ಟಿ ಅಂತ."

"ನಾ? ಉತ್ತರ?" ಆಯಿಗೆ ನಗು ಬಂತು, ನಕ್ಕರೆ ಸೊಂಟ ನೋಯಿತು. ಎರಡೂ ನಿಂತ ಮೇಲೆ ಕೇಳಿದಳು. "ಎಲ್ಲಾ ಬಂದೈತೇನು ಅದರಾಗ? ನಾ ಕರದದ್ದೂ?"

"ಎಲ್ಲಾ."

ಆಯಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಹೊರಗೆ ಪಾರ್ಕಿಂಗ್ ಲಾಟು, ಅದರಾಚೆ ಒಂದು ಟೈರ್ ಅಂಗಡಿ. ಪಕ್ಕದ ಹಾಸಿಗೆಯ ಮುದುಕಿ ಬಾಯಿ ತೆರೆದು ಮಲಗಿದ್ದಳು.

"ಹೌದು, ಕಾಪಿ ಹೊಡದೆ ಅಂತ ಬರದು ಕೊಟ್ಟಬಿಡು," ಅಂದಳು. "ಅವರೇನು ನಮಗ ನೆಂಟರೇನು, ಏನರ ಅನ್ಕೊಳ್ಳಲಿ. ನಿಮ್ಮವ್ವಗ ಗೊತ್ತಾಗೂದು ಬ್ಯಾಡ. ಕರದರೂ ನೀ ಬರಲಿಲ್ಲ ಅಂತ ಅಕಿಗೆ ಗೊತ್ತಾತಂದ್ರ, ನಿನ್ನ ಕೈಯಾಗ ನನ್ನ ಬಿಡೂದಿಲ್ಲ. ಬ್ಯಾರೆ ಯಾರದಾರ ಮನ್ಯಾಗ? ನನ್ನ ಇಲ್ಲೇ ಇಟ್ಟುಬಿಡ್ತಾರ." ತಾರಿಣಿಯ ಕೈ ಹಿಡಿದುಕೊಂಡಳು. "ಇಲ್ಲಿ ಸಾಯಾಕ ನಾ ಒಲ್ಲೆ. ಬರದು ಕೊಡ್ತೀಯಿಲ್ಲೋ?"

"ಕೊಡತೀನಿ," ಅಂದಳು ತಾರಿಣಿ.

ಬಸ್ಸಿನಲ್ಲಿ ಕೂತು ಅವಳು ಮೊದಲನೆಯ ಬಟನ್ ಮೇಲೆ ಹೆಬ್ಬೆರಳಿಟ್ಟಳು. ಆರು ಸ್ಟಾಪು ಹಾಗೇ ಇಟ್ಟುಕೊಂಡಿದ್ದಳು. ಮತ್ತೆ ಗ್ಯಾಪು, ಮತ್ತೆ ಮುಚ್ಚಿದ ಬಾಗಿಲು, ಮತ್ತೆ ಕೂಟದವರ ಪ್ರಶ್ನೆ. ಆ ಬೂದು ಸ್ವೆಟರಿನ ಮನುಷ್ಯ ತನ್ನನ್ನು ಕಾಪಿ ಮಾಡಿದವಳೆಂದುಕೊಳ್ಳುತ್ತಾನೆ. ಅವಳಿಗೆ ಆ ಕೋರ್ಸು ಬೇಕಿತ್ತು. ಆಯಿಗೆ ಮನೆ ಬೇಕಿದ್ದಷ್ಟೇ ಬೇಕಿತ್ತು. ಏಳನೆಯ ಸ್ಟಾಪಿನಲ್ಲಿ ಎರಡನೆಯದನ್ನು ಒತ್ತಿದಳು.

ವಿಚಾರಣೆಯಲ್ಲಿ ಪರದೆಯ ಮೇಲೆ ನಾಲ್ಕು ಮುಖಗಳಿದ್ದವು: ಡೀನ್, ಪ್ರೊಫೆಸರು, ಸೌಜನ್ಯಾ ಆಂಟಿ, ತಾನು. ಆಂಟಿ ಗುರುತು ಸಿಕ್ಕರೂ ತೋರಿಸಲಿಲ್ಲ. ರೆಕಾರ್ಡಿಂಗ್ ಹಾಕಿದರು. ತನ್ನ ಮುಖ ಬರೆಯುತ್ತಿರುವುದನ್ನು ತಾರಿಣಿ ನೋಡಿದಳು. ಆಯಿ ಕೂಗಿದಾಗಲೆಲ್ಲ ಆ ಮುಖದ ಕಣ್ಣು ಎಡಕ್ಕೆ ಹೋಗುತ್ತಿತ್ತು, ಮರಳಿ ಬರುತ್ತಿತ್ತು.

ಆಂಟಿ ಒಂದೊಂದೇ ಮಾತನ್ನು ಇಂಗ್ಲಿಷಿಗೆ ತಂದರು. ನೀರು ಕೇಳುತ್ತಿದ್ದಾರೆ. ಬಚ್ಚಲಿಗೆ ಹೋಗಬೇಕು ಅನ್ನುತ್ತಿದ್ದಾರೆ. ಇದ್ದೀಯೋ ಇಲ್ಲವೋ ಎಂದು ಕೇಳುತ್ತಿದ್ದಾರೆ. ಅಂಕಿಗಳು ಬಂದಾಗ ನಿಂತರು. ಡೀನ್ ತಾರಿಣಿಯನ್ನು ಕೇಳಿದರು. ಅವಳು ಟೋನಿಯ ಬಗ್ಗೆ ಹೇಳಿದಳು. ಆಮೇಲಿನ ಸದ್ದು ಏನೆಂದು ಕೇಳಿದರು. ಅದನ್ನೂ ಹೇಳಿದಳು.

ಪ್ರೊಫೆಸರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಡೀನ್ ಮೆಲ್ಲಗೆ, ಮೊದಲೇ ಒಂದು ಸಾಲು ಬರೆದು ಕೇಳಿದ್ದರೆ ಪರೀಕ್ಷೆಯನ್ನು ಬೇರೆ ದಿನಕ್ಕೆ ಹಾಕುತ್ತಿದ್ದೆವಲ್ಲ ಅಂದರು. ಆರೋಪ ಬಿದ್ದುಹೋಯಿತು. ಅವಳ ಗ್ರೇಡು ಬಿ ಪ್ಲಸ್. ಸೇಲಂ ಪ್ರಶ್ನೆಗೆ ಇಪ್ಪತ್ತಕ್ಕೆ ಇಪ್ಪತ್ತು.

ಅವರಿಬ್ಬರೂ ಹೋದ ಮೇಲೆ ಆಂಟಿ ಒಂದು ಕ್ಷಣ ಉಳಿದರು. "ಉಷಾಗೆ ಇದು ಗೊತ್ತೇನಮ್ಮ?"

ತಾರಿಣಿ ತಲೆ ಅಲ್ಲಾಡಿಸಿದಳು.

"ನಾನು ಹೇಳಲ್ಲ. ನಮ್ಮ ಕೆಲಸದಲ್ಲಿ ಕೇಳಿದ್ದನ್ನ ಹೊರಗೆ ಆಡೋ ಹಾಗಿಲ್ಲ." ಅವರ ಮುಖ ಮಾಯವಾಯಿತು.

ಗುಟ್ಟು ಉಳಿಯಿತು. ಆ ಭಾನುವಾರ ಮಗಳು ಪಾಸಾದ ಖುಷಿಗೆ ಅಮ್ಮ ಪಾಯಸ ಮಾಡಿದರು. ಬಡಿಸುತ್ತ ಹೇಳಿದರು. "ಇಪ್ಪತ್ತನೇ ತಾರೀಖು ಅತ್ತೇನ ಕರ್ಕೊಂಡು ಬರೋಣ. ಇನ್ನು ಅವರು ಮೊದಲಿನ ಹಾಗಲ್ಲ, ಫುಲ್ ಟೈಮ್ ಯಾರಾದ್ರೂ ಪಕ್ಕದಲ್ಲಿರಬೇಕು. ಹೇಗೂ ನಿನ್ನ ಕ್ಲಾಸೆಲ್ಲ ಆನ್‌ಲೈನ್ ಅಲ್ವಾ. ಮ್ಯಾನೇಜ್ ಮಾಡ್ತೀಯಲ್ಲ, ಪುಟ್ಟಿ?"

ತಾರಿಣಿ ಚಮಚ ಕೆಳಗಿಟ್ಟಳು.

"ಅವತ್ತು ಆಯಿ ಕರೆದ್ರು, ಅಮ್ಮ. ಮೂರು ಸಲ. ಐ ಹರ್ಡ್ ಹರ್. ಬಿದ್ದಿದ್ದೂ ಕೇಳಿಸ್ತು. ಎಕ್ಸಾಮ್ ಮುಗಿಸಿ ಹೋದೆ."

ಅಮ್ಮ ಸೌಟು ಹಿಡಿದು ನಿಂತೇ ಇದ್ದರು. ಅಪ್ಪ ತಟ್ಟೆ ನೋಡುತ್ತಿದ್ದರು. "ಎಷ್ಟು ಹೊತ್ತು?" ಎಂದು ಅಮ್ಮ ಕೇಳಿದರು. ಹದಿನಾಲ್ಕು ನಿಮಿಷ ಅಂದಳು. ಅಮ್ಮ ಬೈಯಲಿಲ್ಲ. ಪಾಯಸದ ಪಾತ್ರೆಗೆ ಮುಚ್ಚಳ ಹಾಕಿ, ಸೋಮವಾರ ಬೆಳಿಗ್ಗೆ ನರ್ಸಿಂಗ್ ಹೋಮಿಗೆ ಫೋನು ಮಾಡಿದರು. ಆಯಿಯನ್ನು ರಿಹ್ಯಾಬಿನಿಂದ ಮೇಲಿನ ಮಹಡಿಗೆ, ಕಾಯಂ ಇರುವವರ ಕಡೆಗೆ ವರ್ಗಾಯಿಸಿದರು.

ತಾನು ಹೇಳಿದ್ದು ನಿಜ ಹೇಳಬೇಕೆಂದೋ, ಮನೆ ಖಾಲಿಯಾಗಿ ಸೆಪ್ಟೆಂಬರಿನ ಕ್ಲಾಸುಗಳು ಉಳಿಯಲೆಂದೋ ತಾರಿಣಿಗೆ ಗೊತ್ತಾಗಲಿಲ್ಲ. ಒಪ್ಪಿಕೊಂಡವರು ಬದುಕಿದರು ಎಂದು ಅವಳೇ ಬರೆದಿದ್ದಳು. ಅದಕ್ಕೇ ಪೂರ್ತಿ ಅಂಕ ಬಂದಿತ್ತು.

ಈಗ ಅವಳು ದಿನಾ ಮಧ್ಯಾಹ್ನ ಎರಡಕ್ಕೆ ಹೋಗಿ ಆಯಿಯ ಪಕ್ಕ ಕೂರುತ್ತಾಳೆ. ಮೊದಲ ದಿನ ಆಯಿ ಕೇಳಿದ್ದು ಒಂದೇ. "ಹೇಳಿದ್ಯಾ?"

"ಹೇಳಿದೆ."

ಆಯಿ ಹ್ಞೂಂ ಅಂದಳು. ಸಿಟ್ಟೇನೂ ಕಾಣಲಿಲ್ಲ. ಊಟ ಮಾಡಿದ್ಯಾ, ಅಪ್ಪ ಹ್ಯಾಂಗದಾನ ಎಂದು ವಿಚಾರಿಸಿದಳು. ಆಮೇಲೆ ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡಳು. ನೀರಿನ ಲೋಟ ಟೇಬಲ್ಲಿನ ಮೇಲೆ, ತಾರಿಣಿಯ ಮೊಣಕೈ ಪಕ್ಕದಲ್ಲೇ ಇತ್ತು. ಅವಳು ಅದನ್ನು ಎತ್ತಿ ಹಿಡಿದಳು.

ಆಯಿ ಅದನ್ನು ನೋಡಲಿಲ್ಲ. ದಿಂಬಿನ ಪಕ್ಕ ತಡಕಾಡಿ, ನರ್ಸನ್ನು ಕರೆಯುವ ಕೆಂಪು ಬಟನ್ ಒತ್ತಿದಳು. ಬಾಗಿಲ ಹೊರಗೆ ದೀಪ ಹತ್ತಿಕೊಂಡಿತು.

"ವಾಟರ್," ಎಂದು ಬಾಗಿಲ ಕಡೆ ಹೇಳಿದಳು. ಅಲ್ಲಿ ಯಾರೂ ಇರಲಿಲ್ಲ. ಆ ಮಾತು ಅವಳಿಗೆ ಯಾರು ಕಲಿಸಿದರೋ. ಲೋಟ ಹಿಡಿದ ತಾರಿಣಿಯೂ, ಬಾಗಿಲು ನೋಡುತ್ತಿದ್ದ ಆಯಿಯೂ ಯಾರಾದರೂ ಬರುವುದನ್ನು ಕಾಯುತ್ತ ಕೂತರು.