ಮೀನಿನ ಪೆಟ್ಟಿಗೆಯಲ್ಲಿ ಬಂದ ಇಂಜೆಕ್ಷನ್

ಸೂಳೆಕೆರೆ ಏರಿಯ ಹತ್ತಿರ, ರಸ್ತೆ ಬದಿಯಲ್ಲಿ ಭೀಮೇಶನ ಹುರಿದ ಮೀನಿನ ಅಂಗಡಿ. ಮಸಾಲೆ ಅರೆದು, ಹಚ್ಚಿ, ಬಾಣಲೆಗೆ ಬಿಡುತ್ತಿದ್ದವಳು ಅವನ ಹೆಂಡತಿ ಜ್ಯೋತಿಲಕ್ಷ್ಮಿ. ಅವಳ ಕೈರುಚಿಗೆಂದೇ ಚನ್ನಗಿರಿಯಿಂದ ಜನ ಬೈಕಿನಲ್ಲಿ ಬರುತ್ತಿದ್ದ ಕಾಲವಿತ್ತು.

ಆರು ವರ್ಷದ ಹಿಂದೆ ಅವಳ ಮೊಣಕೈಯಲ್ಲಿ ಕೆಂಪು ಮಚ್ಚೆಗಳೆದ್ದು, ಬೆಳ್ಳಗಿನ ಹೊಟ್ಟು ಉದುರತೊಡಗಿತು. ಬರಬರುತ್ತ ಅಂಗೈ, ಮುಂಗೈ, ತಲೆ ಎಲ್ಲ ಕಡೆ ಹಬ್ಬಿತು. ಗಿರಾಕಿಗಳು ಅವಳ ಕೈ ನೋಡಿ ಮೆಲ್ಲಗೆ ಮುಂದಿನ ಅಂಗಡಿಗೆ ಹೋದರು. ಪಕ್ಕದ ಟೀ ಅಂಗಡಿಯ ಚೌಡಕ್ಕ ಕೆಟ್ಟವಳಲ್ಲ. ಆದರೂ ಜ್ಯೋತಿ ಮೀನಿನ ತಟ್ಟೆ ಚಾಚಿದರೆ, "ಅಲ್ಲೇ ಹಲಗೆ ಮೇಲೆ ಇಡವ್ವ, ತಗಂತೀನಿ" ಎನ್ನುತ್ತಿದ್ದಳು. ಕೊನೆಗೆ ಜ್ಯೋತಿ ತಾನಾಗಿಯೇ ಬಾಣಲೆ ಬಿಟ್ಟು, ಅಂಗಡಿಯ ಹಿಂದೆ ಕೂತು ಈರುಳ್ಳಿ ಹೆಚ್ಚತೊಡಗಿದಳು. ಭೀಮೇಶ ಹುರಿದ ಮೀನು ಒಂದು ದಿನ ಹಸಿ, ಒಂದು ದಿನ ಕರಿ.

ಮುಲಾಮು, ಮಾತ್ರೆ ಎಲ್ಲ ಆಯಿತು. ಸ್ವಲ್ಪ ಇಳಿಯುವುದು, ಮತ್ತೆ ಏಳುವುದು. ಊರಿನ ಆರೋಗ್ಯ ಕೇಂದ್ರದ ನರ್ಸ್ ಸುಧಾ ಒಂದು ದಿನ ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಹಾಗೆ ಯಾರಾದರೂ ಕೈ ಹಿಡಿದು ಎಷ್ಟು ಕಾಲವಾಗಿತ್ತೋ! ಸುಧಾಳೇ ಅವಳನ್ನು ದಾವಣಗೆರೆಯ ಚರ್ಮದ ಡಾಕ್ಟರ ಬಳಿ ಕಳಿಸಿದಳು.

ಇದು ಸೋರಿಯಾಸಿಸ್, ಮುಟ್ಟಿದರೆ ಅಂಟುವುದಿಲ್ಲ, ಯಾವ ಶಾಪವೂ ಅಲ್ಲ ಎಂದರು ಡಾಕ್ಟರು. ಮೈ ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ಚರ್ಮದ ಮೇಲೆ ತಿರುಗಿ ಬೀಳುತ್ತದೆ. ಬೇರೆ ಮದ್ದಿಗೆ ಬಗ್ಗದೆ ಹೋದಾಗ ಬಯೋಲಾಜಿಕ್ ಎನ್ನುವ ಇಂಜೆಕ್ಷನ್ ಇದೆ, ಅದು ಆ ಜಗಳ ಹಚ್ಚುವ ಸಂಕೇತವನ್ನೇ ತಡೆಯುತ್ತದೆ ಎಂದು ಬಿಡಿಸಿ ಹೇಳಿದರು. ಕೊಡುವ ಮೊದಲು ಕ್ಷಯ ಮತ್ತು ಕಾಮಾಲೆಯ ಸೋಂಕು ಇದೆಯೇ ಎಂದು ಪರೀಕ್ಷೆ ಮಾಡಿಸಿದರು. ಎರಡೂ ಇಲ್ಲವೆಂದು ಖಚಿತವಾದ ಮೇಲೆ ಇಂಜೆಕ್ಷನ್ ಶುರುವಾಯಿತು.

ಮೂರನೆಯ ಇಂಜೆಕ್ಷನ್ ಆಗಿ ಕೆಲವು ದಿನಕ್ಕೆ ಜ್ಯೋತಿ ಬೆಳಿಗ್ಗೆ ಮುಖ ತೊಳೆಯುತ್ತ ಹಾಗೇ ನಿಂತುಬಿಟ್ಟಳು. ಅಂಗೈ ಕೆನ್ನೆಗೆ ಚುಚ್ಚಲಿಲ್ಲ. ಓಡಿ ಬಂದು ಗಂಡನ ಕೆನ್ನೆಗೂ ಒತ್ತಿದಳು. "ನಾಲ್ಕನೇ ಇಂಜೆಕ್ಷನ್ ಆದ ಮೇಲಿನ ಸೋಮವಾರ ಬಾಣಲೆ ಮುಂದೆ ನಾನೇ ಕೂರ್ತೀನಿ" ಎಂದಳು. ಭೀಮೇಶನಿಗೆ ಎಷ್ಟು ಖುಷಿಯಾಯಿತೆಂದರೆ, ಆ ದಿನ ಮೀನು ಪೂರ್ತಿ ಸೀದುಹೋಯಿತು.

ನಾಲ್ಕನೆಯ ಇಂಜೆಕ್ಷನ್ನನ್ನು ಊರಲ್ಲೇ ಸುಧಾಳ ಕೈಯಲ್ಲಿ ಹಾಕಿಸಿಕೊಳ್ಳಬಹುದು ಎಂದರು ಡಾಕ್ಟರು. ದಾವಣಗೆರೆಯಿಂದ ತರುವ ಕೆಲಸ ಭೀಮೇಶನದು. ತಣ್ಣಗಿಟ್ಟು ತರಬೇಕು, ಮಂಜುಗಡ್ಡೆಗೆ ತಾಗಿಸಬಾರದು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಅವನ ಕಿವಿಗೆ ಬಿದ್ದದ್ದು 'ತಣ್ಣಗೆ' ಎಂಬುದಷ್ಟೇ.

ಮಂಗಳವಾರ ಮಧ್ಯಾಹ್ನ ಬಸ್ಸಿಳಿದವನು ಮೀನಿನ ಪೆಟ್ಟಿಗೆ ಹೊತ್ತು ನೇರ ಆರೋಗ್ಯ ಕೇಂದ್ರಕ್ಕೇ ಬಂದ. ಜ್ಯೋತಿ ಆಗಲೇ ಬಂದು ಕೂತಿದ್ದಳು.

"ಇಪ್ಪತ್ತು ವರ್ಷ ಮೀನು ತಂದೀನಿ, ಒಂದು ದಿನ ಕೆಡಿಸಿಲ್ಲ. ನೋಡ್ರಿ ಸಿಸ್ಟರ್, ಐಸಿಗೆ ಉಪ್ಪು ಬೆರೆಸಿ ನಡುವೆ ಹೂತಿಟ್ಟೀನಿ. ಕಲ್ಲಾಗೈತೆ."

ಸುಧಾ ಪೆಟ್ಟಿಗೆ ತೆರೆದಳು. ಔಷಧದ ಡಬ್ಬಿ ಬಿಚ್ಚಿ ಸಿರಿಂಜನ್ನು ಬೆಳಕಿಗೆ ಹಿಡಿದಳು. ಒಳಗೆ ಮದ್ದು ಗಡ್ಡೆಯಾಗಿತ್ತು.

"ಭೀಮೇಶಣ್ಣ, ಇದನ್ನ ಹಾಕಾಕೆ ಬರಲ್ಲ. ಈ ಮದ್ದು ಹೆಪ್ಪುಗಟ್ಟಿದ್ರೆ ಮುಗೀತು."

"ಕರಗಿದ್ರೆ ಸರಿ ಹೋಗಲ್ವಾ? ಅರ್ಧ ತಾಸು ಬಿಸಿಲಿಗಿಟ್ರೆ?"

ಸುಧಾ ರೇಗಲಿಲ್ಲ. "ಕಲ್ಲಾದ ಕಾಟ್ಲಾ ಮೀನು ಕರಗಿದ ಮೇಲೆ ಹೆಂಗಿರತೈತೆ, ನೀನೇ ಹೇಳು."

ಭೀಮೇಶ ತಲೆ ತಗ್ಗಿಸಿದ. "ಮಾಂಸ ಸಡಿಲ ಆಗಿರತೈತೆ. ಅಂಥದ್ದು ನಾನು ಕೊಳ್ಳಾದೇ ಇಲ್ಲ."

"ಇದೂ ಹಂಗೇ. ಒಳಗಿನ ಕಟ್ಟು ಬಿಟ್ಟಿರತೈತೆ. ಕರಗಿದ್ರೂ ಕೂಡಲ್ಲ, ಕೆಟ್ಟದ್ದು ಕಣ್ಣಿಗೂ ಕಾಣಲ್ಲ."

ಜ್ಯೋತಿ ತನ್ನ ಅಂಗೈಗಳನ್ನೇ ನೋಡುತ್ತಿದ್ದಳು. ಇಂಜೆಕ್ಷನ್ ತಪ್ಪಿದರೆ ಆ ಹೊಟ್ಟು ಮತ್ತೆ ಬರುತ್ತದೆಯೇ? ಸೋಮವಾರ ಮತ್ತೆ ಈರುಳ್ಳಿಯೇ? ಗಂಡನನ್ನು ಬಯ್ಯಬೇಕೆನಿಸಿತು. ಆದರೆ ಪೆಟ್ಟಿಗೆ ಅಲುಗದಿರಲೆಂದು ಅವನು ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದ. ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಅದನ್ನು ಕಂಡ ಮೇಲೆ ಬಯ್ಗುಳ ಬಾಯಿಗೆ ಬರಲಿಲ್ಲ.

ಸುಧಾ ಆಗಲೇ ಡಾಕ್ಟರಿಗೆ ಫೋನ್ ಹಚ್ಚಿದ್ದಳು. ನಡೆದದ್ದನ್ನು ಮುಚ್ಚಿಡದೆ ಹೇಳಿದಳು. ಹೆಪ್ಪುಗಟ್ಟಿದ್ದನ್ನು ಖಂಡಿತ ಹಾಕಬೇಡಿ, ಬೇರೆಯದು ಶುಕ್ರವಾರದ ಹೊತ್ತಿಗೆ ತರಿಸೋಣ, ಮೂರು ದಿನ ತಡವಾದರೆ ಇವರಿಗೆ ತೊಂದರೆಯಿಲ್ಲ ಎಂದರು ಅವರು. ಜ್ಯೋತಿ ಸೆರಗಿನಿಂದ ಗಂಡನ ಒದ್ದೆ ಪ್ಯಾಂಟು ಒರೆಸಿದಳು.

ಶುಕ್ರವಾರ ದಾವಣಗೆರೆಯಿಂದ ಅದೇ ಪೆಟ್ಟಿಗೆ ಹೊರಟಿತು. ಸೋಪು ಹಾಕಿ ಮೂರು ಸಲ ತೊಳೆದದ್ದು, ಉಪ್ಪಿಲ್ಲದ್ದು. ತಳದಲ್ಲಿ ಬಟ್ಟೆ ಸುತ್ತಿದ ಐಸ್ ಪ್ಯಾಕು, ಮೇಲೆ ದಪ್ಪ ಟವೆಲ್ಲು, ಅದರ ಮೇಲೆ ಮದ್ದು, ಜೊತೆಗೆ ಸುಧಾ ಕೊಟ್ಟ ಪುಟ್ಟ ಥರ್ಮಾಮೀಟರು. ಎರಡು ಡಿಗ್ರಿಗಿಂತ ಇಳಿಯಬಾರದು, ಎಂಟಕ್ಕಿಂತ ಏರಬಾರದು. ಬಸ್ಸಿನ ಕಂಡಕ್ಟರು ವಿಷಯ ಕೇಳಿ, ಎಂಜಿನ್ನಿನ ಬಿಸಿ ತಾಗದ ಹಿಂದಿನ ಸೀಟಿನಲ್ಲಿ ಜಾಗ ಮಾಡಿಕೊಟ್ಟರು. ಭೀಮೇಶ ಜ್ಯೋತಿಗೆ ಮೂರು ಸಲ ಫೋನ್ ಮಾಡಿದ: "ಐದೈತೆ." "ಇನ್ನೂ ಐದೇ ಐತೆ." "ಆರು. ಊರು ಬಂತು." ಸುಧಾ ಅಂದೇ ಇಂಜೆಕ್ಷನ್ ಹಾಕಿದಳು.

ಸೋಮವಾರ ಸಂಜೆ ಬಾಣಲೆಯ ಮುಂದೆ ಜ್ಯೋತಿ ಕೂತಿದ್ದಳು. ಮೊದಲ ತಟ್ಟೆ ಚೌಡಕ್ಕನಿಗೆ. ಚೌಡಕ್ಕ ಹಲಗೆಯ ಕಡೆ ನೋಡಲಿಲ್ಲ, ಎರಡೂ ಕೈ ಚಾಚಿದಳು.

"ಕೈ ವಾಸಿ ಆತಲ್ಲವ್ವ, ಇನ್ನೇನು ಅಂಜಿಕೆ."

ಜ್ಯೋತಿ ನಕ್ಕಳು. "ವಾಸಿ ಅಲ್ಲ ಚೌಡಕ್ಕ, ಹತೋಟಿಗೆ ಬಂದೈತೆ. ಇಂಜೆಕ್ಷನ್ ನಾನಾಗೇ ಬಿಡಂಗಿಲ್ಲ. ಮತ್ತೆ ಇದು ಆವತ್ತೂ ಅಂಟ್ತಿರಲಿಲ್ಲ."

ಚೌಡಕ್ಕ ತಟ್ಟೆಯಿಂದ ಒಂದು ತುಂಡು ಮುರಿದು ಬಾಯಿಗಿಟ್ಟಳು. ಆಮೇಲೆ ತನ್ನ ಅಂಗಡಿಗೆ ಹೋಗಿ ಆ ಹಲಗೆಯನ್ನು ಕಿತ್ತು ಒಲೆಗೆ ಹಾಕಿದಳು.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೋ ನೆರೆಯಲ್ಲೋ ಹೊಟ್ಟು ಉದುರುವ ಕೆಂಪು ಮಚ್ಚೆ ಬಹುದಿನ ಇದ್ದರೆ ಮುಚ್ಚಿಡಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ. ಬಯೋಲಾಜಿಕ್ ನಿಮಗೆ ಹೊಂದುತ್ತದೆಯೇ, ಖರ್ಚಿಗೆ ಯಾವ ನೆರವಿದೆ ಎಂದು ಅವರನ್ನೇ ಕೇಳಿ. ಹಿಂದೆ ಕ್ಷಯ ಬಂದಿದ್ದರೆ, ಬಸುರಿಯಾಗಿದ್ದರೆ ನಾಚದೆ ಹೇಳಿ. ಇಂಜೆಕ್ಷನ್ ನಡೆಯುವಾಗ ಜ್ವರ, ಕೆಮ್ಮು ಬಂದರೆ ತಡಮಾಡದೆ ತಿಳಿಸಿ. ಮದ್ದನ್ನು ತಣ್ಣಗಿಡಿ, ಹೆಪ್ಪುಗಟ್ಟಲು ಬಿಡಬೇಡಿ. ಮತ್ತೆ, ಅಂಥವರು ಯಾರಾದರೂ ನಿಮ್ಮ ಮುಂದೆ ಕೈ ಚಾಚಿದರೆ, ಮದ್ದು ಶುರುವಾಗುವವರೆಗೆ ಕಾಯಬೇಡಿ. ಇವತ್ತೇ ಆ ಕೈ ಹಿಡಿಯಿರಿ.